ಕಾರಿನ ಇಂಜಿನ್ನಿಗೆ ಊದುಬತ್ತಿ

ಕೆಂಪು ದೀಪ ಕಂಡರೆ ನಿಲ್ಲಬೇಕು, ಹಸಿರು ಕಂಡರೆ ಹೋಗಬೇಕು ಎಂಬಷ್ಟು ಬುದ್ಧಿ ನನಗೂ ಇದೆ. ಗೊಂದಲವೇನಿದ್ದರೂ ಹಳದಿ ದೀಪದ್ದು. ನಮ್ಮ ಮಂಗಳೂರಿನ ಸಿಗ್ನಲ್ಲುಗಳಲ್ಲಿ ಹಳದಿ ಬಿದ್ದ ಕೂಡಲೇ ಸಿಟಿ ಬಸ್ಸುಗಳು ಹಾರನ್ ಒತ್ತಿ ಮುನ್ನುಗ್ಗುತ್ತವೆ, ಹೊಸದಾಗಿ ಕಲಿತವರು ನಡುರಸ್ತೆಯಲ್ಲೇ ನಿಂತುಬಿಡುತ್ತಾರೆ. ನಾನು ಕನ್ನಡಿ ನೋಡಿ, ಬೆನ್ನ ಹಿಂದೆ ಬಸ್ಸು ಇದೆಯೋ ರಿಕ್ಷಾ ಇದೆಯೋ ತಿಳಿದುಕೊಂಡು, ಆಮೇಲೆ ತೀರ್ಮಾನಕ್ಕೆ ಬರುತ್ತೇನೆ. ಅಷ್ಟರಲ್ಲಿ ಕೆಂಪು ಬಿದ್ದು ನನ್ನ ತೀರ್ಮಾನದ ಅಗತ್ಯವೇ ಇಲ್ಲದಂತಾಗುತ್ತದೆ. ಕಾರಿನೊಳಗೆ ಉರಿಯುವ ಹಳದಿ ದೀಪಕ್ಕೆ ಈ ಸೌಜನ್ಯವೂ ಇಲ್ಲ. ಒಮ್ಮೆ ಹತ್ತಿಕೊಂಡರೆ ಉರಿಯುತ್ತಲೇ ಇರುತ್ತದೆ. ಏನಾಗಿದೆ ಎಂದು ಹೇಳುವುದಿಲ್ಲ, ಏನೂ ಆಗಿಲ್ಲ ಎಂದೂ ಹೇಳುವುದಿಲ್ಲ. ಅದರ ಆಕಾರವಾದರೂ ಅರ್ಥವಾಗಬೇಡವೇ? ನನಗೆ ಅದು ಬಾವಿಗೆ ಹಾಕುವ ಪಂಪಿನ ಹಾಗೆ ಕಂಡಿತು. ಪಕ್ಕದ ಮನೆಯ ಫ್ರಾನ್ಸಿಸ್ ಅದನ್ನು ನೋಡಿ ಹೆಲಿಕಾಪ್ಟರ್ ಎಂದರು. ಕೊನೆಗೆ ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದು ನೋಡಿದರೆ, ಅದು ಇಂಜಿನ್ನಿನ ಚಿತ್ರವಂತೆ, ದೀಪ ಉರಿದರೆ ಇಂಜಿನ್ ಪರೀಕ್ಷಿಸಬೇಕಂತೆ. ನಾನು ಬಾನೆಟ್ ಎತ್ತಿ ಪರೀಕ್ಷಿಸಿದೆ. ಇಂಜಿನ್ ಇತ್ತು.

ನಾನು ಹೀಗೆ ಹೇಳಿದರೆ ಕಾರು ನನ್ನದು ಎಂದು ನೀವು ತಿಳಿಯುವ ಸಾಧ್ಯತೆ ಉಂಟು. ದಾಖಲೆಯಲ್ಲಿ ನನ್ನದೇ. ಆದರೆ ಈ ವರ್ಷದ ಜೂನ್ ತಿಂಗಳಿನಿಂದ ಅದನ್ನು ಓಡಿಸುತ್ತಿದ್ದವಳು ನನ್ನ ಹೆಂಡತಿ ಸುಮತಿ. ಅವಳು ಬೈಕಂಪಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಇಷ್ಟು ವರ್ಷ ಪಡೀಲಿನ ನಮ್ಮ ಮನೆಯಿಂದ ಒಂದು ಬಸ್ಸು ಹಿಡಿದು ನಂತೂರಿನಲ್ಲಿ ಇಳಿದು, ಅಲ್ಲಿಂದ ಸುರತ್ಕಲ್ ಬಸ್ಸಿಗೆ ನೇತಾಡಿಕೊಂಡು ಹೋಗುತ್ತಿದ್ದಳು. ಈ ವರ್ಷ ಅವಳನ್ನು ಸೂಪರ್‌ವೈಸರ್ ಮಾಡಿದರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ವಿಭಾಗದ ಬಾಗಿಲು ತೆಗೆಯುವ ಜವಾಬ್ದಾರಿ ಅವಳದು. ಅವಳು ತಡಮಾಡಿದರೆ ನಲವತ್ತು ಹೆಂಗಸರು ಬುತ್ತಿ ಹಿಡಿದುಕೊಂಡು ಹೊರಗೆ ನಿಲ್ಲಬೇಕು. ಕೂಳೂರು ಸೇತುವೆಯ ಮೇಲೆ ಟ್ಯಾಂಕರುಗಳು ಸಾಲುಗಟ್ಟಿದರೆ ಬಸ್ಸಿನ ಸಮಯ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ತನ್ನ ಐವತ್ತೆರಡನೇ ವಯಸ್ಸಿನಲ್ಲಿ ಸುಮತಿ ಡ್ರೈವಿಂಗ್ ಶಾಲೆಗೆ ಸೇರಿದಳು. ಮೊದಲ ಪರೀಕ್ಷೆಯಲ್ಲಿ ಕಾರು ಆಫಾಯಿತು, ಎರಡನೆಯದರಲ್ಲಿ ರಿವರ್ಸ್ ಹೋಗಿ ಕಂಬಕ್ಕೆ ತಾಗಿತು, ಮೂರನೆಯದರಲ್ಲಿ ಪಾಸಾದಳು. ಆ ದಿನ ಅವಳು ಮನೆಗೆ ಬಂದು ಲೈಸೆನ್ಸಿನ ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಮುಂದೆ ಕುಳಿತು ಒಂದು ಲೋಟ ಚಹಾ ಕುಡಿದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ.

ಮೂರು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ಸಂಜೆ ಅವಳು ಬಂದವಳೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿದೆ, ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ನಡುಗುತ್ತದೆ, ಜೊತೆಗೆ ಮುಂದಿನಿಂದ ಸುಂಯ್ ಎಂದು ಒಂದು ಶಬ್ದ ಬರುತ್ತದೆ ಎಂದಳು. ಕಾರ್ಖಾನೆಯ ಬಾಯ್ಲರಿನ ಪೈಪು ಸೀಳಿದಾಗ ಬರುವ ಶಬ್ದದ ಹಾಗೆಯೇ ಉಂಟು ಎಂದೂ ಹೇಳಿದಳು. ನಾನೊಂದು ಕಾಲೇಜಿನ ಗ್ರಂಥಪಾಲಕ. ಇಪ್ಪತ್ತೈದು ವರ್ಷದಿಂದ ಮಕ್ಕಳು ಬಂದು ಯಾವ ಪುಸ್ತಕ ಎಲ್ಲಿದೆ ಎಂದು ಕೇಳುವುದು, ನಾನು ತಲೆಯೆತ್ತದೆ ಉತ್ತರಿಸುವುದು, ಹೀಗೇ ಅಭ್ಯಾಸವಾಗಿಬಿಟ್ಟಿದೆ. ಪ್ರಶ್ನೆ ಮುಗಿಯುವ ಮೊದಲೇ ನನ್ನ ಬಾಯಿಂದ ಉತ್ತರ ಹೊರಬೀಳುತ್ತದೆ. ಶಬ್ದ ಏಸಿಯದ್ದು, ನಡುಗುವುದು ನೀನು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದರಿಂದ, ದೀಪ ಉರಿಯುವುದೂ ಅದರಿಂದಲೇ ಎಂದು ಹೇಳಿಬಿಟ್ಟೆ. ಹೇಳುವಾಗ ನನ್ನ ಕಣ್ಣು ಪತ್ರಿಕೆಯ ಮೇಲೇ ಇತ್ತು.

ಸುಮತಿ ಕಾರಿನ ಕೀಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಿದಳು. ಮರುದಿನ ಬೆಳಿಗ್ಗೆ ಆರೂವರೆಗೇ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದಿನಿಂದ ಕರೆದು, ನಿಧಾನವಾಗಿ ಓಡಿಸಿದರೆ ಏನೂ ಆಗುವುದಿಲ್ಲ ಎಂದೆ. ಹಾಳುಮಾಡಿದ್ದು ಸಾಕು, ಇನ್ನೂ ಹಾಳುಮಾಡುವುದು ಬೇಡ ಎಂದು ಹೇಳಿ ಹೋದಳು. ಮನೆಯಲ್ಲಿ ನಾವಾಡುವುದು ತುಳು. ತುಳುವಿನಲ್ಲಿ ಆ ಮಾತು ಇದಕ್ಕಿಂತ ಖಾರವಾಗಿತ್ತು. ಆ ವಾರ ಎರಡು ದಿನ ಕೂಳೂರಿನಲ್ಲಿ ಬಸ್ಸು ಸಿಕ್ಕಿಬಿದ್ದು ಅವಳು ತಡವಾಗಿ ತಲುಪಿದಳು. ಮೂರನೆಯ ಸಲ ಹೀಗಾದರೆ ಬಾಗಿಲಿನ ಜವಾಬ್ದಾರಿ ಬೇರೆಯವರಿಗೆ ಎಂದು ಮ್ಯಾನೇಜರ್ ಹೇಳಿದ್ದನ್ನು ಅವಳು ನನಗೆ ಹೇಳಲಿಲ್ಲ, ತಂಗಿಯೊಡನೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಹೇಗಾದರೂ ಸರಿ, ಈ ದೀಪ ಆರಿಸಲೇಬೇಕು ಎಂದು ನಿರ್ಧರಿಸಿದೆ.

ಇಲ್ಲಿಂದ ಮುಂದಿನದ್ದು ನನಗೇ ಸರಿಯಾಗಿ ಅರ್ಥವಾಗಿಲ್ಲ, ಆದ್ದರಿಂದ ನಿಮಗೆ ಅರ್ಥವಾಗದಿದ್ದರೆ ಬೇಸರಿಸಬೇಡಿ. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಿದ್ದರೂ ಹೀಗಾಗುತ್ತದೆ ಎಂದರು. ಮುಚ್ಚಳವನ್ನು ಎಷ್ಟು ಬಿಗಿ ಮಾಡಿದೆನೆಂದರೆ ಪೆಟ್ರೋಲ್ ಬಂಕಿನಲ್ಲಿ ಅದನ್ನು ತೆಗೆಯಲು ಇಬ್ಬರು ಬೇಕಾದರು. ದೀಪ ಉರಿಯುತ್ತಲೇ ಇತ್ತು. ಬ್ಯಾಟರಿಯ ವೈರು ಕಳಚಿ ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ ಎಂದು ಯಾರೋ ಹೇಳಿದರು. ಹಾಗೆ ಮಾಡಿದಾಗ ದೀಪವೇನೋ ಆರಿತು. ಜೊತೆಗೆ ಗಡಿಯಾರವೂ ಸುಮತಿ ಹೊಂದಿಸಿಟ್ಟಿದ್ದ ರೇಡಿಯೋ ಸ್ಟೇಷನ್ನುಗಳೂ ಹೋದವು. ನಾನು ಹೆಮ್ಮೆಯಿಂದ ಅವಳಿಗೆ ಸುದ್ದಿ ಹೇಳೋಣವೆಂದು ಕಾದಿದ್ದೆ. ಅವಳು ಬರುವ ಮೊದಲೇ, ಮೀನು ತರಲೆಂದು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ, ದೀಪ ಮತ್ತೆ ಹತ್ತಿಕೊಂಡಿತು.

ಆಗ ಫ್ರಾನ್ಸಿಸ್ ರಂಗಕ್ಕೆ ಇಳಿದರು. ಅವರು ಇಪ್ಪತ್ತು ವರ್ಷ ಕುವೈತಿನಲ್ಲಿದ್ದು ಬಂದವರು, ಎಲ್ಲದಕ್ಕೂ ಒಂದು ಉಪಕರಣ ಇಟ್ಟುಕೊಂಡಿದ್ದಾರೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸ್ಕ್ಯಾನರನ್ನು ಸ್ಟೇರಿಂಗಿನ ಕೆಳಗೆ ಎಲ್ಲೋ ಸಿಕ್ಕಿಸಿ, ತಮ್ಮ ಮೊಬೈಲು ನೋಡಿ, ಮಿಶ್ರಣ ತೆಳುವಾಗಿದೆ ಎಂದು ಘೋಷಿಸಿದರು. ನಾನು ಸಾಂಬಾರಿನ ನೆನಪಾಗಿ ಸುಮ್ಮನೆ ನಿಂತೆ. ಒಂದೋ ಇಂಜಿನ್ನಿಗೆ ಪೆಟ್ರೋಲ್ ಕಡಿಮೆ ಹೋಗುತ್ತಿದೆ, ಇಲ್ಲವಾದರೆ ಗಾಳಿ ಹೆಚ್ಚು ಹೋಗುತ್ತಿದೆ ಎಂದು ಅವರು ವಿವರಿಸಿದರು. ಗಾಳಿ ಎಲ್ಲ ಕಡೆಯೂ ಇರುವುದೇ, ಅದು ಹೆಚ್ಚಾಗುವುದು ಹೇಗೆ? ಪೆಟ್ರೋಲೇ ಕಡಿಮೆಯಾಗಿರಬೇಕು ಎಂದು ಬಗೆದು ಟ್ಯಾಂಕ್ ತುಂಬಿಸಿಕೊಂಡು ಬಂದೆ. ಫ್ರಾನ್ಸಿಸ್ ನನ್ನನ್ನು ಬಹಳ ಹೊತ್ತು ನೋಡಿ, ಕುದ್ರೋಳಿಯಲ್ಲಿ ರಜಾಕ್ ಎಂಬ ಮೆಕ್ಯಾನಿಕ್ ಇದ್ದಾರೆ, ಅಲ್ಲಿಗೆ ಹೋಗಿ, ಆದರೆ ಅಲ್ಲಿ ಏನೂ ಮಾತಾಡಬೇಡಿ ಎಂದರು.

ರಜಾಕ್ ನನ್ನ ವಯಸ್ಸಿನ, ನಿಧಾನದ ಮನುಷ್ಯ. ನಾನು ಕ್ಲಚ್ಚು, ಮುಚ್ಚಳ, ಬ್ಯಾಟರಿ ಎಲ್ಲದರ ಕತೆ ಹೇಳಿದೆ. ಅವರು ಅದನ್ನೆಲ್ಲ ಕೇಳಿಸಿಕೊಳ್ಳದೆ ಬಾನೆಟ್ ಎತ್ತಿ, ಕಾರು ಸ್ಟಾರ್ಟ್ ಮಾಡಿ, ಕಿವಿಗೊಟ್ಟು ನಿಂತರು. ಆಮೇಲೆ ಒಳಗೆ ಹೋಗಿ ಒಂದು ಊದುಬತ್ತಿ ಹಚ್ಚಿಕೊಂಡು ಬಂದರು. ನಾನು ತಟ್ಟನೆ ಚಪ್ಪಲಿ ಕಳಚಿ ಬದಿಗಿಟ್ಟೆ. ನವರಾತ್ರಿಗೆ ಇನ್ನೂ ದಿನವಿದ್ದರೂ, ದೊಡ್ಡ ರಿಪೇರಿಗೆ ಕೈಹಾಕುವ ಮೊದಲು ನನ್ನ ಸಮಾಧಾನಕ್ಕೆಂದು ಈ ಮನುಷ್ಯ ನಮ್ಮ ಪದ್ಧತಿಯಲ್ಲಿ ಆಯುಧಪೂಜೆ ಮಾಡುತ್ತಿದ್ದಾರೆ ಎಂದು ನನ್ನ ಎದೆ ತುಂಬಿಬಂತು. ಎಂಥ ದೊಡ್ಡ ಮನಸ್ಸು, ಇದಲ್ಲವೇ ನಮ್ಮ ಊರು ಎಂದುಕೊಂಡು ಕಣ್ಣುಮುಚ್ಚಿ ಎರಡೂ ಕೈ ಜೋಡಿಸಿದೆ. ಕಣ್ಣು ತೆರೆದಾಗ ರಜಾಕ್ ಊದುಬತ್ತಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಎಂತ ಮಾರ್ರೆ, ಚಪ್ಪಲಿ ಹಾಕಿ. ಇದು ಗಾಳಿ ಎಲ್ಲಿ ಲೀಕ್ ಉಂಟು ಅಂತ ನೋಡ್ಲಿಕ್ಕೆ."

ನಾನು ಚಪ್ಪಲಿ ಹಾಕಿಕೊಂಡೆ. ಅವರು ಊದುಬತ್ತಿಯನ್ನು ಒಂದೊಂದೇ ರಬ್ಬರ್ ಪೈಪಿನ ಪಕ್ಕದಲ್ಲಿ ಮೆಲ್ಲಗೆ ಒಯ್ದರು. ಹೊಗೆ ಎಲ್ಲ ಕಡೆಯೂ ಮೇಲಕ್ಕೇ ಹೋಗುತ್ತಿತ್ತು. ಒಂದು ದಪ್ಪ ಪೈಪಿನ ಅಡಿಯಲ್ಲಿ ಮಾತ್ರ ಅದು ತಿರುಗಿ ಸೊರ್ರನೆ ಒಳಗೆ ಹೊಕ್ಕಿತು. ಇಂಜಿನ್ ಉಸಿರೆಳೆಯುವ ಪೈಪು ಅದು ಎಂದು ರಜಾಕ್ ಹೇಳಿದರು. ಆ ಪೈಪಿನ ಬಾಗಿಲಲ್ಲಿ ಒಂದು ಮೀಟರು ಕೂತು ಬರುವ ಗಾಳಿಯನ್ನೆಲ್ಲ ಲೆಕ್ಕಹಾಕಿ, ಅಷ್ಟಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡಿಸುತ್ತದಂತೆ. ಪೈಪು ಸೀಳಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಮದುವೆಗೆ ಅಡುಗೆಮನೆಯ ಬಾಗಿಲಿನಿಂದಲೂ ಜನ ನುಗ್ಗಿದರೆ ಅನ್ನ ಸಾಲದೆ ಹೋಗುತ್ತದಲ್ಲ, ಹಾಗೆ. ಅಷ್ಟು ನನಗೆ ಅರ್ಥವಾಯಿತು. ಅವರು ಇಂಜಿನ್ ನಿಲ್ಲಿಸಿ, ಪೈಪಿನ ಅಡಿಗೆ ಕೈಹಾಕಿ, ಅಲ್ಲಿಂದ ಒಂದು ಬಟ್ಟೆಯ ಗಂಟು ಎಳೆದರು. ಗಂಟಿಗೆ ಸುತ್ತಿದ್ದ ಕಬ್ಬಿಣದ ತಂತಿ ಪೈಪನ್ನು ಕೊರೆದು ಒಳಗೇ ಇಳಿದಿತ್ತು.

"ಇದನ್ನು ಕಟ್ಟಿದ್ದು ಯಾರು?"

ಕಟ್ಟಿದ್ದು ನಾನು. ಮಳೆಗಾಲದಲ್ಲಿ ನಮ್ಮ ಪಡೀಲಿನ ಹೆಗ್ಗಣಗಳು ಕಾರಿನ ಬಾನೆಟ್ಟಿನೊಳಗೆ ಬಿಡಾರ ಹೂಡಿ ವೈರು ಕಡಿಯುತ್ತವೆ. ಹೊಗೆಸೊಪ್ಪಿನ ವಾಸನೆಗೆ ಅವು ಬರುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ಒಳಗೆ ಒಂದು ಎಲೆ ಇಡುತ್ತಾರೆ. ಎಲ್ಲರೂ ಸುಮ್ಮನೆ ಇಡುತ್ತಾರೆ. ನಾನು ಮೇ ತಿಂಗಳ ಕೊನೆಗೆ ಕಾಲು ಕೆಜಿ ಹೊಗೆಸೊಪ್ಪು ತಂದು, ಗಂಟುಕಟ್ಟಿ, ಅದು ಬೀಳಬಾರದೆಂದು ಕೈಗೆ ಸಿಕ್ಕಿದ ಮೊದಲ ಪೈಪಿಗೆ ತಂತಿ ಸುತ್ತಿ, ಇಕ್ಕಳದಿಂದ ನಾಲ್ಕು ಸುತ್ತು ತಿರುಚಿದ್ದೆ. ತಿರುಚುವಾಗ ಸುಮತಿ ಪಕ್ಕದಲ್ಲೇ ನಿಂತು, ಇಷ್ಟು ಬಿಗಿ ಬೇಕಾ ಎಂದು ಕೇಳಿದ್ದಳು. ಬೇಕು ಎಂದಿದ್ದೆ.

ರಜಾಕ್ ಹೊಸ ಪೈಪು ಹಾಕಿ ದೀಪ ಆರಿಸಿಕೊಟ್ಟರು. ಕುದ್ರೋಳಿಯಿಂದ ಪಡೀಲಿಗೆ ಬರುವ ದಾರಿಯುದ್ದಕ್ಕೂ ಇಂಜಿನ್ ಬೆಣ್ಣೆಯಂತೆ ಓಡುತ್ತಿತ್ತು, ನನ್ನ ತಲೆಯೇ ಏರಿಳಿಯುತ್ತಿತ್ತು. ಏನೋ ಸೆನ್ಸರು ಹೋಗಿತ್ತಂತೆ ಎಂದುಬಿಟ್ಟರೆ ಮುಗಿಯಿತಲ್ಲ? ಸೆನ್ಸರು ಎಂದರೆ ಏನೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಜಗಳಕ್ಕೆ ಆಸ್ಪದವೇ ಇಲ್ಲ. ಆದರೆ ಹಾಗೆ ಹೇಳಿದರೆ ಅವಳು ತನ್ನ ಕ್ಲಚ್ಚಿನಿಂದಲೇ ಸೆನ್ಸರು ಹೋಯಿತೆಂದು ನಂಬಿ ಜನ್ಮದಲ್ಲಿ ಇನ್ನು ಕೀ ಮುಟ್ಟುವವಳಲ್ಲ. ಏಳು ಗಂಟೆಗೆ ಅವಳು ಬಸ್ಸಿನಿಂದ ಇಳಿದು, ಬೆವರಿ, ಬಾರು ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುವುದನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಊದುಬತ್ತಿಯಿಂದ ಹೊಗೆಸೊಪ್ಪಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ನಾನು ಕೈಮುಗಿದದ್ದಕ್ಕೆ ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ.

"ಹಾಗಾದ್ರೆ ಕ್ಲಚ್ಚಿಗೂ ಇದಕ್ಕೂ ಎಂತ ಸಂಬಂಧ?" ಎಂದು ಕೇಳಿದಳು.

ಸಂಬಂಧವಿಲ್ಲ ಎಂದೆ. ಮತ್ತೆ ನೀವು ಕ್ಲಚ್ಚು ಅಂತ ಹೇಳಿದ್ದು ಯಾಕೆ ಎಂದಳು. ಗೊತ್ತಿಲ್ಲದೆ ಹೇಳಿದೆ ಎಂದೆ. ತಪ್ಪೊಪ್ಪಿಕೊಂಡರೆ ಹಗುರಾಗುತ್ತದೆ ಎಂದು ಎಲ್ಲೋ ಓದಿದ್ದ ನೆನಪು.

ಅವಳು ಕಿತ್ತ ಚಪ್ಪಲಿಯನ್ನು ಬಾಗಿಲ ಬದಿಗಿಟ್ಟು ನನ್ನ ಕಡೆ ತಿರುಗಿದಳು. ಕೋಪವೂ ಇರಲಿಲ್ಲ, ದನಿಯೂ ಏರಲಿಲ್ಲ. ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು: "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತಲ್ಲ, ಹೀಗೆ ಗೊತ್ತಿಲ್ಲದೆ ಹೇಳಿದ್ದು ಬೇರೆ ಎಂತೆಂತ ಉಂಟು?"

ಬಂಗುಡೆ ಮೀನು ತಾಜಾ ಇದೆ ಎಂದದ್ದು, ಬಾವಿಯಲ್ಲಿ ನೀರು ಸಿಗುವುದು ಇದೇ ಮೂಲೆಯಲ್ಲಿ ಎಂದದ್ದು, ಮಗಳಿಗೆ ಕಾಮರ್ಸೇ ಸರಿ ಎಂದದ್ದು, ಒಂದೊಂದೇ ನೆನಪಿನಲ್ಲಿ ಎದ್ದುಬಂದವು. ಆಮೇಲೆ ಇನ್ನೊಂದು ಬಂತು. ಮದುವೆಯಾದ ಹೊಸದರಲ್ಲಿ ಅವಳು ಡ್ರೈವಿಂಗ್ ಕಲಿಯುತ್ತೇನೆ ಎಂದಾಗ, ನಿನಗದು ಆಗುವಂಥದ್ದಲ್ಲ, ನಿನ್ನ ಕೈಕಾಲಿಗೆ ಹೊಂದಾಣಿಕೆ ಸಾಲದು ಎಂದಿದ್ದೆ. ಆಗಲೂ ನನ್ನ ಕಣ್ಣು ಪತ್ರಿಕೆಯ ಮೇಲೇ ಇದ್ದಿರಬೇಕು. ಅವಳು ಅದನ್ನು ನಂಬಿ ಇಪ್ಪತ್ತೆಂಟು ವರ್ಷ ಬಸ್ಸಿಗೆ ನೇತಾಡಿದಳು. ಈಗ ಅವಳ ಮುಖ ನೋಡಿದರೆ ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ತೋರಿತು. ಹೌದೋ ಅಲ್ಲವೋ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮೊಳೆಯಲ್ಲಿ ಕೀ ಇರಲಿಲ್ಲ. ಕಾರು ಸ್ಟಾರ್ಟ್ ಆದ ಶಬ್ದಕ್ಕೆ ನಾನು ಲುಂಗಿ ಎತ್ತಿಕಟ್ಟಿ ಹೊರಗೆ ಓಡಿದೆ. ಅವಳು ರಿವರ್ಸ್ ತೆಗೆಯುತ್ತಿದ್ದಳು. ನನ್ನ ಬಲಗೈ ತನ್ನಷ್ಟಕ್ಕೆ ಮೇಲೆದ್ದು, ಎಡಕ್ಕೆ ಎಡಕ್ಕೆ ಎಂದು ಬೀಸಲು ಶುರುಮಾಡಿತು. ಸುಮತಿ ಬ್ರೇಕ್ ಒತ್ತಿ, ಕಿಟಕಿಯ ಗಾಜು ಇಳಿಸಿ, ತಾಳ್ಮೆಯಿಂದ ನನ್ನನ್ನೇ ನೋಡಿದಳು.

"ಹೇಳಿ, ಗೊತ್ತಿದ್ರೆ ಹೇಳಿ."

ನಾನು ಕೈ ಇಳಿಸಿದೆ. ಕಾರು ಗೇಟಿನ ಎರಡು ಕಂಬಗಳ ನಡುವಿನಿಂದ ನೂಲು ಹಿಡಿದಂತೆ ಹೊರಗೆ ಹೋಯಿತು. ಗೇಟು ಹಾಕುವಾಗ ನೋಡಿದೆ, ಎಡಗಡೆಯ ಕಂಬದಲ್ಲಿ ಕಾರು ಉಜ್ಜಿದ ಮೂರು ಉದ್ದನೆಯ ಗೀರುಗಳಿವೆ. ಮೂರೂ ನನ್ನವೇ.