ಕೆಂಪು ಟೀಮು ಮತ್ತು ನನ್ನ ಷಡ್ಡಕ

'ನನಗೆ ಹೊಟ್ಟೆಕಿಚ್ಚೇ ಇಲ್ಲ' ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗಂತೂ ಇದೆ, ಧಾರಾಳವಾಗಿ ಇದೆ. ಆದರೆ ಅದು ಕಂಡಕಂಡವರ ಮೇಲೆ ಹಾಯುವಂಥದ್ದಲ್ಲ. ನಮ್ಮ ಕುಷ್ಟಗಿಯಲ್ಲಿ ಯಾರೋ ದಾಳಿಂಬೆ ಬೆಳೆದು ಬಂಗಲೆ ಕಟ್ಟಿಸಿದರೆ ನನ್ನ ನಿದ್ದೆಗೇನೂ ಭಂಗವಿಲ್ಲ. ನನ್ನ ಸಂಕಟವೆಲ್ಲ ಒಬ್ಬನೇ ಒಬ್ಬ ಮನುಷ್ಯನದು. ಅವನು ನನ್ನ ಷಡ್ಡಕ ಮಹಾಂತೇಶ. ಹೆಂಡತಿಯ ತಂಗಿಯ ಗಂಡ, ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಫಾರ್ಮುಲಾ ಕಾರ್ ರೇಸು ನೋಡುವವರಿಗೆ ನನ್ನ ಪಾಡು ಬೇಗ ಅರ್ಥವಾಗುತ್ತದೆ. ಅಲ್ಲಿ ಪ್ರತಿ ಟೀಮಿಗೆ ಇಬ್ಬರು ಡ್ರೈವರ್‌ಗಳು. ಬೇರೆ ಟೀಮಿನವನು ಮುಂದೆ ಹೋದರೆ 'ಅವನ ಇಂಜಿನ್ ಜೋರು ಬಿಡಿ' ಎಂದು ಜಾರಿಕೊಳ್ಳಬಹುದು. ತನ್ನದೇ ಟೀಮಿನ ಜೊತೆಗಾರ ಮುಂದೆ ಹೋದರೆ ಏನು ಹೇಳುವುದು? ಕಾರು ಅಂಥದ್ದೇ, ಟೈರು ಅಂಥದ್ದೇ, ಸಂಬಳ ಕೊಡುವ ಧಣಿಯೂ ಒಬ್ಬನೇ. ಆದ್ದರಿಂದ ಡ್ರೈವರ್ ಆದವನು ಮೊದಲು ಸೋಲಿಸಬೇಕಾದದ್ದು ಪಕ್ಕದಲ್ಲಿ ನಗುನಗುತ್ತ ಫೋಟೋ ತೆಗೆಸಿಕೊಳ್ಳುವ ಜೊತೆಗಾರನನ್ನು. ಒಂದೇ ಮನೆಯ ಅಳಿಯಂದಿರ ಕಥೆಯೂ ಇದೇ. ಮಾವ ಒಬ್ಬರೇ, ಅತ್ತೆ ಒಬ್ಬರೇ, ಹಬ್ಬಕ್ಕೆ ಕೊಡುವ ಅರಿವೆಯೂ ಒಂದೇ ಅಂಗಡಿಯದು. ಇಷ್ಟಾದ ಮೇಲೂ ಒಬ್ಬನಿಗೆ ಹೇಳುವ 'ಬರ್ರಿ ಬರ್ರಿ' ಇನ್ನೊಬ್ಬನಿಗಿಂತ ಸ್ವಲ್ಪ ಜೋರಾಗಿ ಬಂದರೆ ಆ ಹೊತ್ತಿನ ಊಟ ರುಚಿಸುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರ. ಈ ರೇಸು ನೋಡುವ ಚಟ ಹತ್ತಿದಾಗ ನಮ್ಮ ಓಣಿಯಲ್ಲಿ ಇನ್ನೊಬ್ಬ ನೋಡುಗನಿರಲಿಲ್ಲ. ಅಂದಿನಿಂದ ನಾನು ಕೆಂಪು ಕಾರಿನ ಟೀಮಿನವನು. ನಮ್ಮ ಟೀಮಿಗೆ ಓಡುವುದು ಗೊತ್ತು. ಟೈರು ಬದಲಿಸಲು ಯಾವಾಗ ನಿಲ್ಲಬೇಕೆಂಬುದು ಗೊತ್ತಿಲ್ಲ. ಮೆತ್ತನೆಯ ಟೈರು ಜೋರಾಗಿ ಓಡಿ ಬೇಗ ಸವೆಯುತ್ತದೆ, ಗಟ್ಟಿ ಟೈರು ನಿಧಾನ, ಆದರೆ ಬಾಳಿಕೆ ಬರುತ್ತದೆ. ಎದುರಾಳಿಗಿಂತ ಒಂದು ಸುತ್ತು ಮೊದಲೇ ಒಳಗೆ ಬಂದು ಹೊಸ ಟೈರು ಹಾಕಿಸಿಕೊಂಡು, ಅವನು ಸವೆದ ಟೈರಿನಲ್ಲಿ ತೆವಳುತ್ತಿರುವಾಗ ಮುಂದೆ ನುಗ್ಗುವ ಉಪಾಯಕ್ಕೆ ಅಂಡರ್‌ಕಟ್ ಎನ್ನುತ್ತಾರೆ. ಇಷ್ಟು ನನಗೇ ಗೊತ್ತಿದೆ. ನಮ್ಮವರು ಮಾತ್ರ ರೇಡಿಯೋದಲ್ಲಿ ಈಗ ಬರ್ತೀಯಾ, ಆಮೇಲೆ ಬರ್ತೀಯಾ ಎಂದು ಡ್ರೈವರ್ ಜೊತೆ ಚರ್ಚೆಗೆ ಕೂಡುತ್ತಾರೆ. ನಮ್ಮ ಶಾಲೆಯ ಸ್ಟಾಫ್ ಮೀಟಿಂಗನ್ನು ಯಾರೋ ಅಲ್ಲಿಗೆ ಸಾಗಿಸಿದ್ದಾರೆ ಎಂಬ ಗುಮಾನಿ ನನಗಿದೆ. ಹಾಗೆಂದು ಡ್ರೈವರನ್ನು ಬೈದರೆ ನಾನು ಸುಮ್ಮನಿರುವುದಿಲ್ಲ. 'ಎಲ್ಲಾ ಕಾರಿನ ಮಹಿಮೆ, ಅವನೇನು ಕೂತಿರ್ತಾನೆ ಅಷ್ಟೇ' ಎನ್ನುವವರ ಜೊತೆ ನಾನು ಚಹಾ ಕೂಡ ಕುಡಿಯುವುದಿಲ್ಲ. ಮಳೆ ಬೀಳಲಿ, ಆಗ ತಿಳಿಯುತ್ತದೆ ಯಾರು ಕೂತಿದ್ದಾರೆ, ಯಾರು ಓಡಿಸುತ್ತಿದ್ದಾರೆ ಎಂದು.

ಈ ವಿದ್ಯೆಗೆಲ್ಲ ಬೆಲೆ ಸಿಕ್ಕಿದ್ದು ಒಂದೇ ಕಡೆ, ಗಂಗಾವತಿ ಕಡೆಯ ಸಿದ್ದಾಪುರದ ನಮ್ಮ ಮಾವನವರ ಮನೆಯಲ್ಲಿ. ಕಾಲುವೆ ನೀರಿನ ಗದ್ದೆಯವರು ಅವರು. ಭತ್ತದ ತಳಿ, ಗೊಬ್ಬರ, ಟ್ರ್ಯಾಕ್ಟರಿನ ಸದ್ದು, ಯಾರ ಮನೆಗೆ ಹೆಣ್ಣು ಕೊಡಬೇಕು ಎಂಬುದು, ಎಲ್ಲದಕ್ಕೂ ಅವರು ಮಹಾಂತೇಶನನ್ನೇ ಕೇಳುತ್ತಾರೆ. ಒಣ ಭೂಮಿಯಿಂದ ಬಂದ ಮಾಸ್ತರನನ್ನು ಕೇಳಲು ಏನೂ ಇರಲಿಲ್ಲ. ಒಂದು ಭಾನುವಾರ ನಾನೇ ಟಿವಿಯಲ್ಲಿ ರೇಸು ಹಚ್ಚಿ ಕೂತಾಗ ಅವರು ಬಂದು, "ಮಾಸ್ತರ, ಈಗ ಇವ್ರು ಏನ್ ಮಾಡ್ತಾರ್ರಿ?" ಎಂದು ಕೇಳಿದರು. ಆ ಮನೆಯಲ್ಲಿ ನನ್ನ ಪಾಲಿಗೆ ಬಂದ ಮೊದಲ ಪ್ರಶ್ನೆ ಅದು. ಆಮೇಲೆ ಹೋದಾಗಲೆಲ್ಲ ಕೇಳುತ್ತಿದ್ದರು. ಅದೊಂದು ಪ್ರಶ್ನೆಯ ಮೇಲೆ ನಾನು ಅಳಿಯನಾಗಿ ಬದುಕಿದ್ದೆ ಎಂದರೂ ಸುಳ್ಳಲ್ಲ.

ಈ ಸಲ ಬೇಸಿಗೆ ಬೆಳೆಯ ಕಟಾವು ಮುಗಿದ ಮೇಲೆ ಮಾವ ಎಲ್ಲರನ್ನೂ ಊಟಕ್ಕೆ ಕರೆದರು. ಸಂಜೆ ರೇಸು. ಮಹಾಂತೇಶ ತಲೆಯ ಮೇಲೆ ಕೆಂಪು ಟೋಪಿ ಇಟ್ಟುಕೊಂಡು ಬಂದ.

"ಅಣ್ಣಾರ, ನಾನೂ ಈಗ ನಿಮ್ಮ ಟೀಮಿನ್ಯಾವರಿ! ಫೋನಿನ್ಯಾಗ ಎಲ್ಲಾ ನೋಡಾಕತ್ತೀನಿ. ಇವತ್ತ ನಮ್ಮವ್ರು ಗೆಲ್ಲತಾರ, ಬರದ ಇಟ್ಕೋರಿ."

ನಮ್ಮವರು! ನಾನು ಇಷ್ಟು ವರ್ಷ ಭಾನುವಾರಗಳನ್ನು ಹಾಳುಮಾಡಿಕೊಂಡು ಸಾಕಿದ ಟೀಮು, ಒಂದು ಟೋಪಿ ಕೊಂಡ ಮಾತ್ರಕ್ಕೆ ಅವನದಾಯಿತೇ? ಅಷ್ಟರಲ್ಲಿ ಮಾವ, "ಹೌದೇನ್ರಿ ಮಾಂತೇಶಪ್ಪ? ಹ್ಯಾಂಗ ಗೆಲ್ಲತಾರ್ರಿ?" ಎಂದು ಅವನ ಕಡೆಗೇ ತಿರುಗಿದರು. ನನ್ನ ಪ್ರಶ್ನೆಯೂ ಹೋಯಿತು.

"ಸಾಧ್ಯ ಇಲ್ರಿ ಮಾವಾರ," ಎಂದೆ ನಾನು. "ಕೈಯಾಗಿನ ರೇಸು ಬಿಡೂದರಾಗ ಅವ್ರು ಭಾಳ ಶಾಣ್ಯಾ ಅದಾರ."

ರೇಸು ಶುರುವಾಯಿತು. ಕೆಂಪು ಕಾರು ಎರಡನೆಯ ಸ್ಥಾನದಲ್ಲಿ ಮುಂದಿನವನಿಗೆ ಅಂಟಿಕೊಂಡೇ ಓಡುತ್ತಿತ್ತು. ಅರ್ಧ ದಾರಿಯಲ್ಲಿ ಮಹಾಂತೇಶ ತುದಿಗಾಲಲ್ಲಿ ನಿಂತು, "ಈಗ ಒಳಗ ಕರೀತಾರ ನೋಡ್ರಿ, ಅಂಡರ್‌ಕಟ್!" ಎಂದು ಕೂಗಿದ. "ಕರಿಯಂಗಿಲ್ಲ, ಇನ್ನಾ ಮೀಟಿಂಗ್ ನಡದಿರತೈತಿ," ಎಂದೆ. ಎಂದೂ ಹೊತ್ತಿಗೆ ಸರಿಯಾಗಿ ಕರೆಯದವರು ಅಂದು ಕರೆದರು. ಟೈರು ಬಿಚ್ಚುವಾಗ ನಟ್ಟು ಸಿಕ್ಕಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನದೇ ಟೀಮು, ನನ್ನದೇ ನಟ್ಟು! ಅದೂ ಸಿಕ್ಕಿಕೊಳ್ಳಲಿಲ್ಲ. ಕೆಂಪು ಕಾರು ಹೊರಬಂದು ಎರಡು ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿತ್ತು.

ಹಿಂದೆ ಉಳಿದ ಇನ್ನೊಂದು ಕೆಂಪು ಕಾರಿಗೆ, ಜೊತೆಗಾರನ ತಂಟೆಗೆ ಹೋಗಬೇಡ, ಇದ್ದಲ್ಲೇ ಇರು ಎಂದು ರೇಡಿಯೋದಲ್ಲಿ ಅಪ್ಪಣೆಯಾಯಿತು. ಅಯ್ಯೋ ಪಾಪ ಎಂದುಕೊಳ್ಳುತ್ತಿದ್ದೆ, ಮಾವ ನನ್ನ ಭುಜ ತಟ್ಟಿದರು.

"ಮಾಸ್ತರ, ಹಂಗ ಸ್ವಲ್ಪ ಆ ಕಡಿ ಸರೀರಿ. ಮಾಂತೇಶಪ್ಪಗ ಟಿವಿ ಕಾಣವಲ್ದು."

ಸರಿದೆ. ಟೀಮಿನ ಧಣಿಯ ಮಾತು, ಮೀರುವ ಹಾಗಿಲ್ಲ.

ಕೆಂಪು ಕಾರು ಗೆದ್ದಿತು. ಇಂಥದ್ದೊಂದು ಗೆಲುವಿಗಾಗಿ ನಾನು ಅದೆಷ್ಟು ಕಾಲ ಕಾದಿದ್ದೆನೋ. ಗೆದ್ದ ದಿನ ಓಣಿಗೆಲ್ಲ ಪೇಢೆ ಹಂಚುತ್ತೇನೆಂದು ಹೆಂಡತಿಯ ಮುಂದೆ ಹೇಳಿಕೊಂಡೂ ಇದ್ದೆ. ಮಹಾಂತೇಶ ಟೋಪಿ ತೂರಿ ಮಾವನನ್ನು ತಬ್ಬಿಕೊಂಡ. ಮಾವ ಮಕ್ಕಳ ಹಾಗೆ ನಗುತ್ತಿದ್ದರು. ನನಗೆ ಮಾತ್ರ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ. ಸರಿದ ಜಾಗದಲ್ಲೇ ಮುಖ ಇಳಿಬಿಟ್ಟುಕೊಂಡು ಕೂತಿದ್ದೆ.

ಗದ್ದಲ ಕೇಳಿ ಅತ್ತೆ ಅಡುಗೆಮನೆಯಿಂದ ಹೊರಬಂದರು. ಯಾರದು ಯಾವ ಟೀಮು ಎಂಬುದು ಅವರಿಗೆ ಗೊತ್ತಿಲ್ಲ. ಕುಣಿಯುತ್ತಿದ್ದ ಕಿರಿಯ ಅಳಿಯನನ್ನು ನೋಡಿದರು, ನನ್ನ ಮುಖ ನೋಡಿದರು, ಹೋಳಿಗೆಯ ಬುಟ್ಟಿ ಹಿಡಿದು ಬರುತ್ತಿದ್ದ ನನ್ನ ಹೆಂಡತಿಗೆ ಹೇಳಿದರು:

"ಗೆದ್ದಾರಿಗೆ ಆಮ್ಯಾಲ ನೀಡಿದ್ರ ನಡಿತೈತಿ ಬಿಡವಾ. ಪಾಪ, ಮಾಸ್ತರ ಟೀಮು ಸೋತಂಗ ಕಾಣತೈತಿ. ಅವರಿಗೆ ಮೊದಲ ಹಾಕು."

ನನ್ನ ಹೆಂಡತಿಗೆ ಎಲ್ಲಾ ಗೊತ್ತು. ಏನೋ ಹೇಳಲು ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಸನ್ನೆ ಮಾಡಿ ಸುಮ್ಮನಾಗಿಸಿ, "ಹೌದ್ರಿ ಅತ್ತಿಯಾರ, ಸೋತ್ವಿ," ಎಂದು ತಾಟು ಮುಂದೆ ಹಿಡಿದೆ. ಎರಡು ಹೋಳಿಗೆ ಬಿದ್ದವು, ಮೇಲೆ ತುಪ್ಪ. ಮಹಾಂತೇಶನ ತಾಟು ಇನ್ನೂ ಖಾಲಿಯಿತ್ತು.