ಮರಳುಗಾಡಿನಲ್ಲಿ ಕಸಬರಿಗೆ

ಹೆಂಗಸರ ಕಣ್ಣೀರಿಗೆ ಭಾಳ ಅರ್ಥ ಹಚ್ಚುವವರು ಯಾರೂ ಮೆಣಸಿನಕಾಯಿಯ ತೊಟ್ಟು ಮುರಿದವರಲ್ಲ ಎಂದು ನನ್ನ ಖಾತ್ರಿ. ವರ್ಷದ ಖಾರಪುಡಿ ಕುಟ್ಟಿಸುವ ಮುಂಚೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಹರವಿಕೊಂಡು ಕೂತರೆ ಎಂಥ ಗಟ್ಟಿ ಜೀವದ ಕಣ್ಣೂ ಮೂಗೂ ಕೂಡಿಯೇ ಸೋರುತ್ತವೆ. ಅದರಲ್ಲಿ ದುಃಖದ ಪಾಲು ಎಳ್ಳಷ್ಟೂ ಇರುವುದಿಲ್ಲ. ಆದರೆ ಶಿವನ ಆಟ ನೋಡಿ, ಆ ಸುಳ್ಳು ಕಣ್ಣೀರಿನ ಪುಣ್ಯದಿಂದಲೇ ನಾನು ರಾಜಸ್ಥಾನ ಕಂಡು ಬಂದೆ. ಖರೇ ಕಣ್ಣೀರು ಹಾಕಿದಾಗೆಲ್ಲ ನನ್ನನ್ನು ಕಳಿಸಿದ್ದು ಅಣ್ಣಿಗೇರಿಯ ತವರುಮನೆಯ ತನಕ ಮಾತ್ರ, ಅದೂ ಸಂಜೆಯ ಬಸ್ಸಿಗೆ ತಿರುಗಿ ಬರುವ ಕರಾರಿನ ಮೇಲೆ.

ನಮ್ಮ ಮನೆಯವರದು ನವಲಗುಂದದ ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಒಂದು ಫೋಟೋ ಸ್ಟುಡಿಯೋ. ಒಂದು ಪರದೆ, ಆ ಪರದೆಯ ಮೇಲೆ ಒಂದು ಕೆರೆ, ಅರಮನೆಯ ಮೆಟ್ಟಿಲು, ಎರಡು ಹಂಸ. ಊರ ಜನರ ಎಣ್ಣೆತಲೆ ತಾಗಿ ತಾಗಿ ಒಂದು ಹಂಸದ ಕುತ್ತಿಗೆ ಅಳಿಸಿಹೋಗಿ, ಅದು ಈಗ ಸಾಧಾರಣ ಗಡಿಗೆಯಂತೆ ಕಾಣುತ್ತದೆ. ಹೊಸ ಮದುವೆಯವರು, ಮುಪ್ಪಿನವರು, ಪರೀಕ್ಷೆಗೆ ಕಟ್ಟುವ ಹುಡುಗರು, ಎಲ್ಲರೂ ಆ ಹಂಸದ ಮುಂದೆಯೇ ನಿಲ್ಲಬೇಕು. ನಮ್ಮವರು ಕರಿ ಬಟ್ಟೆಯೊಳಗೆ ತಲೆ ಹಾಕಿ, "ಗದ್ದ ಎತ್ತರಿ, ಕಣ್ಣ ಪಿಳುಕಿಸಬ್ಯಾಡ್ರಿ, ಉಸರ ಹಿಡೀರಿ" ಅನ್ನುತ್ತಾರೆ. ಆಮೇಲೆ "ಬಿಡ್ರಿ" ಅನ್ನುತ್ತಾರೆ. ಈ ಮಂತ್ರ ಹೇಳದೆ ಅವರ ಬೆರಳು ಕೆಳಗೆ ಇಳಿಯುವುದೇ ಇಲ್ಲ. ಒಮ್ಮೆ ಕುಬಿಹಾಳದ ಗೌಡರೊಬ್ಬರು ತಮ್ಮ ಎತ್ತಿನ ಫೋಟೋ ತೆಗೆಸಿದಾಗ ಎತ್ತಿಗೂ ಉಸಿರು ಹಿಡಿಯಲು ಹೇಳಿದರಂತೆ. ಎತ್ತು ಕೇಳಲಿಲ್ಲ, ಗೌಡರು ಹಿಡಿದರು.

ಹೀಗಿರುವಾಗ ಒಂದು ದಿನ ಹುಬ್ಬಳ್ಳಿಗೆ ಫಿಲ್ಮು ತರಲು ಹೋದವರು ಒಂದು ಸುದ್ದಿ ತಂದರು. ಪುಣೆಯ ಕಡೆಯ ದೊಡ್ಡ ಫೋಟೋಗ್ರಾಫರ್ ಒಬ್ಬರು, ಸಣ್ಣ ಊರುಗಳ ಸ್ಟುಡಿಯೋದವರಿಗೆಂದು ರಾಜಸ್ಥಾನದ ಮರಳುಗಾಡಿನಲ್ಲಿ ಶಿಬಿರ ಇಟ್ಟಿದ್ದಾರೆ, ಬರೀ ನೆಲ ಮತ್ತು ಆಕಾಶದ ಫೋಟೋ ತೆಗೆಯುವುದನ್ನು ಕಲಿಸುತ್ತಾರೆ, ಯಾರ ಫೋಟೋ ಗುರುಗಳಿಗೆ ಒಪ್ಪಿಗೆಯಾಗುತ್ತದೋ ಅದನ್ನು ಕಡೆಗೆ ಜೋಧಪುರದ ಪ್ರದರ್ಶನದಲ್ಲಿ ತೂಗುಹಾಕುತ್ತಾರೆ. ನಮ್ಮವರು ಹೆಸರು ಹಚ್ಚಿಯೇ ಬಂದಿದ್ದರು. ಇದನ್ನು ಮೊದಲು ಮನೆಗೆ ಬಂದು ಹೇಳಿದ್ದರೆ ಚಲೋ ಇತ್ತು. ಹೇಳಿದ್ದು ಸ್ಟುಡಿಯೋದ ಎದುರಿನ ಕಟಿಂಗ್ ಅಂಗಡಿಯಲ್ಲಿ. ಅಂಗಡಿಯ ಬಸಣ್ಣ ಕತ್ತರಿ ನಿಲ್ಲಿಸಿ, "ಬರೇ ಬಯಲಿನ ಫೋಟೋ ತೆಗಿಯಾಕ ಅಷ್ಟು ದೂರ ಯಾಕ ಹೋಗಬೇಕೋ? ಬ್ಯಾಸಗ್ಯಾಗ ನಮ್ಮೂರಾಗ ಬಯಲು ಬಿಟ್ರ ಮತ್ತೇನೈತಿ?" ಎಂದ. ಕೂತವರೆಲ್ಲ ನಕ್ಕರು. ನಮ್ಮವರಿಗೆ ಸಿಟ್ಟು ಬಂತು. ಅಲ್ಲಿಯ ಪ್ರದರ್ಶನದಲ್ಲಿ ತಮ್ಮ ಫೋಟೋ ಏರದಿದ್ದರೆ ಇದೇ ಕುರ್ಚಿಯ ಮೇಲೆ ಕೂತು ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಪಣ ತೊಟ್ಟುಬಿಟ್ಟರು.

ಮೀಸೆಯ ಬಗ್ಗೆ ನಿಮಗೆ ಹೇಳಬೇಕು. ಅದು ನಮ್ಮ ಮಾವನವರ ಮೀಸೆಯ ಅಳತೆಯಲ್ಲಿಯೇ ಬೆಳೆಸಿದ ಮೀಸೆ. ದಿನಾ ಕೊಬ್ಬರಿ ಎಣ್ಣೆ ಕಾಣುತ್ತದೆ. ನನ್ನ ಹೆರಳಿಗೆ ಅಮಾವಾಸ್ಯೆಗೋ ಹುಣ್ಣಿಮೆಗೋ ಎಣ್ಣೆ ಸಿಕ್ಕರೆ ಪುಣ್ಯ. ಆದರೂ ಅದು ಹೋದರೆ ಆ ಮುಖ ಹೇಗೆ ಕಂಡೀತು ಎಂದು ಯೋಚಿಸಿದರೆ ನನಗೇ ಎದೆ ಝಲ್ಲೆನ್ನುತ್ತಿತ್ತು. ಮದುವೆಯಾದಾಗಿನಿಂದ ಆ ಮೇಲ್ತುಟಿಯನ್ನು ನಾನು ನೋಡಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ನೋಡುವ ಆಸೆಯೂ ಇರಲಿಲ್ಲ.

ಪಣ ತೊಟ್ಟು ಮನೆಗೆ ಬಂದವರು ಸುದ್ದಿ ಹೇಳುವಾಗ ನಾನು ಮೆಣಸಿನಕಾಯಿಯ ರಾಶಿಯ ನಡುವೆ ಕೂತಿದ್ದೆ. ಕಣ್ಣಿನಿಂದ ಧಾರಾಕಾರ ಇಳಿಯುತ್ತಿತ್ತು. ಅವರ ಮುಖ ಸಣ್ಣದಾಯಿತು. "ಅಳಬ್ಯಾಡ" ಎಂದರು, "ನಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗಲಿ? ನೀನೂ ಬಾ." ಇದು ಮೆಣಸಿನಕಾಯಿಯದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸೀನು ಬಂತು. ಸೀನು ಮುಗಿಯುವ ಹೊತ್ತಿಗೆ ಹೇಳುವ ಮನಸ್ಸೂ ಮುಗಿದಿತ್ತು. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಬ್ಯಾಡ ಅಂದಾರು ಎಂದುಕೊಂಡಿದ್ದೆ. ಮಗನ ಹೊಟ್ಟೆಗೆ ಆ ದೇಶದ ಗೋದಿ ತಡೆಯುವುದಿಲ್ಲ, ರೊಟ್ಟಿಗೆ ಒಬ್ಬರು ಬೇಕೇ ಬೇಕು, ಹೋಗಲಿ ಎಂದರು. ಅಂತೂ ನಾನು ಹೊರಟದ್ದು ಹೆಂಡತಿಯಾಗಿ ಅಲ್ಲ, ರೊಟ್ಟಿಯ ಡಬ್ಬಿಯ ಜೊತೆಗಾರಳಾಗಿ. ಒಂದು ಟ್ರಂಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ನಮ್ಮೂರ ಜಮಖಾನೆ, ವಿಭೂತಿ, ರಂಗೋಲಿಯ ಡಬ್ಬಿ. ಎಷ್ಟು ರೈಲು ಬದಲಿಸಿದೆವೋ ಮರೆತಿದ್ದೇನೆ. ಕಿಟಕಿಯ ಬದಿ ಸೀಟು ಸಿಕ್ಕಿತ್ತು, ಅದು ನೆನಪಿದೆ. ಶಿವ ದೊಡ್ಡವನು.

ಜೈಸಲಮೇರದ ಆಚೆ, ಒಂಟೆಗಾಡಿ ಇಳಿದ ಜಾಗದಲ್ಲಿ, ನೋಡಿದಷ್ಟೂ ಮರಳು. ನಮ್ಮ ಎರೆ ಭೂಮಿಯಲ್ಲಿ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋದರೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಅಂಟಿ, ಚಪ್ಪಲಿ ಅಲ್ಲಿ, ಕಾಲು ಇಲ್ಲಿ ಆಗುತ್ತದೆ. ಈ ಮರಳು ಅಗದಿ ಸಭ್ಯ, ಝಾಡಿಸಿದರೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಾತ್ರೆ ತಿಕ್ಕಲು ಇಷ್ಟೊಂದು ಸಣ್ಣ ಮರಳು ದೇವರು ಪುಕ್ಕಟೆ ಸುರಿದದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಈ ಸಲ ಖರೇ ಕಣ್ಣೀರು. ನೀರು ಮಾತ್ರ ಅಳತೆಯದು. ಆದರೂ ಶಿಬಿರದ ಅಡಿಗೆಯವನು ನನ್ನ ಹಣೆಯ ವಿಭೂತಿ ನೋಡಿ ಪೂಜೆಗೆಂದು ದಿನಾ ಒಂದು ತಂಬಿಗೆ ನೀರು ಬೇರೆ ಇಡುತ್ತಿದ್ದ.

ಮೊದಲ ದಿನದ ಪಾಠವೆಂದರೆ ಮರಳಿನ ದಿಬ್ಬಗಳ ಫೋಟೋ ತೆಗೆದು ತರುವುದು. ಉಳಿದವರು ಸ್ಟ್ಯಾಂಡು ಹೊತ್ತುಕೊಂಡು ದಿಕ್ಕಿಗೊಬ್ಬರು ಹೋದರು. ನಮ್ಮವರು ಒಂದು ದಿಬ್ಬದ ಮುಂದೆ ಕ್ಯಾಮೆರಾ ಇಟ್ಟು, ಕರಿ ಬಟ್ಟೆಯೊಳಗೆ ತಲೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಬೆರಳು ಇಳಿಯಲೊಲ್ಲದು. ಕಡೆಗೆ ನನ್ನನ್ನು ಕರೆದು, ಸುಮ್ಮನೆ ಹಾಗೆ ನಿಲ್ಲು ಎಂದರು. ನಿಂತೆ. ಕೈ ಎಲ್ಲಿ ಇಡಲಿ ಎಂದು ಕೇಳಿದೆ. ಸ್ಟುಡಿಯೋದಲ್ಲಾದರೆ ಮೇಜು ಇರುತ್ತದೆ. ಇಲ್ಲಿ ಕೂತಿದ್ದ ಒಂಟೆಯ ಬೆನ್ನ ಮೇಲೆ ಇಡಿಸಿದರು. ಗದ್ದ ಎತ್ತಿದೆ, ಉಸಿರು ಹಿಡಿದೆ, ಬಿಟ್ಟೆ. ಹೀಗೆ ಅವರ ಆ ದಿನದ ಫಿಲ್ಮೆಲ್ಲ ಮುಗಿಯಿತು.

ಮರುದಿನ ಕತ್ತಲೆ ಡೇರೆಯಲ್ಲಿ ತೊಳೆದ ಫೋಟೋಗಳನ್ನೆಲ್ಲ ಗುರುಗಳು ಹಗ್ಗಕ್ಕೆ ತೂಗುಹಾಕಿಸಿ ನೋಡುತ್ತ ಬಂದರು. ಎಲ್ಲರ ಫೋಟೋದಲ್ಲೂ ಮರಳು, ನಮ್ಮವರ ಎಲ್ಲ ಫೋಟೋದಲ್ಲೂ ನಾನು. ತಲೆತುಂಬ ಸೆರಗು ಹೊದ್ದು, ಒಂಟೆಯನ್ನು ಈಗಷ್ಟೇ ಖರೀದಿ ಮಾಡಿದವಳಂತೆ ನಿಂತಿದ್ದೇನೆ. ಮರುಭೂಮಿ ಎಲ್ಲಿದೆ ಎಂದು ಗುರುಗಳು ಹಿಂದಿಯಲ್ಲಿ ಕೇಳಿದರು. ಹಿಂದೆ ಇದೆ ಎಂದರು ನಮ್ಮವರು. ಭೂಮಿ ಎಂಬುದು ಪರದೆಯಲ್ಲ, ಬಾಯಿಯವರನ್ನು, ಅಂದರೆ ನನ್ನನ್ನು, ತೆಗೆದು ಭೂಮಿಯನ್ನು ನೋಡಲು ಕಲಿಯಿರಿ ಎಂದು ಗುರುಗಳು ಬುದ್ಧಿ ಹೇಳಿದರು. ಆಮೇಲೆ ದಿನಾ ನೋಡಲು ಹೋದರು, ದಿನಾ ಬೆರಳು ಒಣಗಿಸಿಕೊಂಡು ಬಂದರು. ಕಡೆಯ ಮುಂಜಾನೆಯೊಂದು ಉಳಿಯಿತು. ಹಿಂದಿನ ಸಂಜೆ ಅವರು ರೊಟ್ಟಿ ಮುರಿಯುತ್ತ ಮೀಸೆಯನ್ನು ಎರಡು ಬಾರಿ ಮುಟ್ಟಿ ನೋಡಿಕೊಂಡರು.

ನನ್ನಿಂದ ಏನಾದರೂ ಸಹಾಯವಾಗಲಿ ಎಂದು ದೇವರನ್ನು ಬೇಡಿಕೊಂಡು ಮಲಗಿದೆ. ಬೇಡುವಾಗ ವಿವರವಾಗಿ ಬೇಡಬೇಕು ಎನ್ನುವುದು ಮರುದಿನ ತಿಳಿಯಿತು.

ನಸುಕಿನಲ್ಲಿ ಎದ್ದೆ. ಎದ್ದ ಕೂಡಲೇ ಅಂಗಳದ ಕಸ ಹೊಡೆದು ರಂಗೋಲಿ ಹಾಕುವುದು ನನ್ನ ಕೈಗೆ ಅಂಟಿದ್ದು. ಅಷ್ಟು ದಿನ ಅಡಿಗೆಯವನೇ ನನಗಿಂತ ಮುಂಚೆ ಎದ್ದು ಡೇರೆಯ ಮುಂದೆ ಗುಡಿಸಿಬಿಡುತ್ತಿದ್ದ. ಅಂದು ಮಾತ್ರ ಯಾರೂ ಕೈ ಹಚ್ಚಿರಲಿಲ್ಲ. ಡೇರೆಗಳ ಮುಂದಿನ ಇಳಿಜಾರೆಲ್ಲ ರಾತ್ರಿಯ ಗಾಳಿಗೆ ಗೆರೆಗೆರೆಯಾಗಿ, ಕೋಳಿಗಳ ಹಿಂಡು ಕೆದರಿ ಹೋದಂತೆ ಬಿದ್ದಿತ್ತು. ಕಡೆಯ ದಿನ, ಹೋಗುವ ಮುಂದೆ ಇಷ್ಟು ಜನ ದೊಡ್ಡವರ ಬಾಗಿಲಲ್ಲಿ ಇದೇನು ಅವತಾರ ಎನಿಸಿ, ಅಡಿಗೆ ಡೇರೆಯ ಕಸಬರಿಗೆ ತಂದು ಹೊಡೆಯತೊಡಗಿದೆ. ನಮ್ಮ ಅಂಗಳಕ್ಕಾದರೆ ಗೋಡೆ ಇದೆ, ಗೋಡೆ ಬಂದಲ್ಲಿ ಕಸ ಮುಗಿಯುತ್ತದೆ. ಮರಳುಗಾಡಿಗೆ ಗೋಡೆ ಎಲ್ಲಿದೆ? ಇನ್ನೊಂದಿಷ್ಟು, ಇನ್ನೊಂದಿಷ್ಟು ಎಂದು ಇಡೀ ಇಳಿಜಾರನ್ನೇ ನುಣ್ಣಗೆ ಮಾಡಿ, ನಡುವೆ ಒಂದು ಎಂಟೆಸಳಿನ ಕಮಲ ಬಿಡಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ಮನಸ್ಸಿಗೆ ಭಾಳ ಸಮಾಧಾನವಾಯಿತು.

ಅಷ್ಟರಲ್ಲಿ ಶಿಬಿರದವರೆಲ್ಲ ಕ್ಯಾಮೆರಾ ಹೊತ್ತು ಬಂದರು. ಬಂದವರು ಬಂದಲ್ಲೇ ನಿಂತರು. ಇದನ್ನು ಮಾಡಿದ್ದು ಯಾರು ಎಂದು ಗುರುಗಳು ಮೆಲ್ಲಗೆ ಕೇಳಿದರು. ಹೊಗಳುತ್ತಾರೆಂದು ತಿಳಿದು ನಾನು ಮುಂದೆ ಬಂದು, "ನಾನ್ರಿ" ಎಂದೆ. ಗುರುಗಳು ಮರಳಿನ ಮೇಲೆ ಕುಸಿದು ಕೂತರು. ಆಮೇಲೆ ತಿಳಿಯಿತು, ಗಾಳಿ ಕೊರೆದ ಆ ಗೆರೆಗಳ ಮೇಲೆ ಎಳೆಬಿಸಿಲು ಬೀಳುವುದನ್ನು ಹಿಡಿಯುವುದೇ ಕಡೆಯ ಪಾಠವಂತೆ. ಯಾರೂ ಅಲ್ಲಿ ಹೆಜ್ಜೆ ಇಡಕೂಡದೆಂದು ಹಿಂದಿನ ಸಂಜೆ ಎಲ್ಲರಿಗೂ, ಅಡಿಗೆಯವನಿಗೂ ಕಟ್ಟಪ್ಪಣೆಯಾಗಿತ್ತಂತೆ. ಆ ಹೊತ್ತಿನಲ್ಲಿ ನಾನು ಡೇರೆಯ ಹಿಂದೆ, ಆ ಪುಕ್ಕಟೆ ಮರಳಿನಿಂದ ತಂಬಿಗೆ ಬೆಳಗುತ್ತಿದ್ದೆ.

ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ, ಸೂರ್ಯ ಹುಟ್ಟುವುದರಲ್ಲಿದ್ದ. ಗುರುಗಳು ಎದ್ದು, ಆ ಕಡೆ ಇರುವ ದಿಬ್ಬಗಳಿಗೆ ಓಡಿರಿ ಎಂದು ಎಲ್ಲರನ್ನೂ ಓಡಿಸಿ, ಬಾಯಿಯವರನ್ನೂ ಅವರ ಕಸಬರಿಗೆಯನ್ನೂ ಕಣ್ಣಿಗೆ ಕಾಣದ ಜಾಗದಲ್ಲಿಡಿ ಎಂದು ನಮ್ಮವರಿಗೆ ಹೇಳಿದರು. ನಮ್ಮವರು ನನ್ನನ್ನು ದರದರನೆ ಕರೆದೊಯ್ದು ಒಂದು ದೊಡ್ಡ ದಿಬ್ಬ ತೋರಿಸಿ, "ದೂರಿಂದ ಸುತ್ತು ಹಾಕ್ಕೊಂಡು ಹೋಗಿ ಅದರ ಹಿಂದ ಕುಂಡ್ರು. ನಾ ಕರಿಯೂತನಕ ತಲಿ ಎತ್ತಬ್ಯಾಡ. ಏನೂ ಹೊಡೀಬ್ಯಾಡ" ಎಂದರು.

ಸುತ್ತು ಹಾಕಿ ಹೋಗಿ ಕೂತೆ. ಕಸಬರಿಗೆ ತೊಡೆಯ ಮೇಲಿತ್ತು. ಮೀಸೆ ನನ್ನಿಂದಲೇ ಹೋಯಿತಲ್ಲ ಎಂದು ಸಂಕಟ. ಕಣ್ಣು ಮುಚ್ಚಿ ಓಂ ನಮಃ ಶಿವಾಯ ಅಂದುಕೊಳ್ಳುತ್ತ ಕೂತೆ. ಗಾಳಿ ನಿಂತಿತ್ತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ದಿಬ್ಬದ ಆ ಮಗ್ಗುಲಿನಿಂದ, ಸ್ಟುಡಿಯೋದಲ್ಲಿ ಕೇಳುವ ಅದೇ ದನಿ ಸ್ಪಷ್ಟವಾಗಿ ಬಂತು. "ಗದ್ದ ಎತ್ತು. ಕಣ್ಣ ಪಿಳುಕಿಸಬ್ಯಾಡ. ಉಸರ ಹಿಡಿ."

ಹಿಡಿದೆ. ಯಾರಿಗೆ ಹೇಳಿದರು, ಯಾಕೆ ಹೇಳಿದರು ಎಂದು ಯೋಚಿಸುವ ಸ್ವಭಾವ ನನ್ನದಲ್ಲ. ಗದ್ದ ಎತ್ತಿ, ಸೆರಗು ಎಳೆದುಕೊಂಡು, ಬರೀ ಮರಳಿಗೆ ಮುಖ ಮಾಡಿ ಉಸಿರು ಹಿಡಿದೆ. ಕ್ಯಾಮೆರಾ ಕಟ್ ಅಂದದ್ದು ಕೇಳಿತು. "ಬಿಡ್ರಿ" ಮಾತ್ರ ಬರಲಿಲ್ಲ. ನಾನೂ ಬಿಡಲಿಲ್ಲ. ಬೆರಳು ಇಳಿದ ಖುಷಿಯಲ್ಲಿ ಮರೆತವರು, ಕುಣಿಯುತ್ತ ದಿಬ್ಬ ಸುತ್ತಿ ಬಂದು ನೋಡಿದರೆ ನನ್ನ ಗಲ್ಲ ಉಬ್ಬಿ ಕಣ್ಣು ಮೇಲೆ ಹೋಗಿತ್ತು. "ಬಿಡು, ಬಿಡು" ಎಂದು ಬೆನ್ನ ಮೇಲೊಂದು ಗುದ್ದಿದರು. ಬಿಟ್ಟೆ. ಎದುರಿಗೆ ಯಾರೂ ಇಲ್ಲದೆ ಬೆರಳು ಒಪ್ಪಲಿಲ್ಲವಂತೆ. ಕಾಣದಿದ್ದರೇನು, ಹಿಂದೆ ಇವಳು ಕೂತಿದ್ದಾಳಲ್ಲ, ಪರದೆ ಈ ಸಲ ಮುಂದೆ ಬಂದಿದೆ ಅಷ್ಟೇ ಎಂದುಕೊಂಡ ಕೂಡಲೇ ಸರಳವಾಯಿತಂತೆ.

ಫೋಟೋ ತೊಳೆದು ತೂಗುಹಾಕಿದಾಗ ಗುರುಗಳು ಅದರ ಮುಂದೆ ನಿಂತು, ಉಳಿದವರ ದಿಬ್ಬಗಳು ಬಿದ್ದುಕೊಂಡಿವೆ, ಈ ದಿಬ್ಬ ಉಸಿರು ಬಿಗಿಹಿಡಿದು ಕೂತಿದೆ ಎಂದರು. ನಾನು ನೆಲ ನೋಡಿದೆ. ಜೋಧಪುರದಲ್ಲಿ ಅದು ಏರಿತು. ಮೀಸೆ ಉಳಿಯಿತು. ನಮ್ಮೂರಿಗೆ ಬಂದ ಮೇಲೆ ಬಸಣ್ಣ ಕನ್ನಡಕ ಹಾಕಿ ನೋಡಿ, ಪಣ ಪಣವೇ, ಸೋತೆ ಎಂದು ಒಪ್ಪಿಕೊಂಡ. ಆದರೆ ಇದರೊಳಗೆ ಏನೂ ಇಲ್ಲವಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಫೋಟೋಕ್ಕೆ ಚೌಕಟ್ಟು ಹಾಕಿಸಿ ನಮ್ಮವರು ಪಡಸಾಲೆಯಲ್ಲಿ ತೂಗುಹಾಕಿದರು. ಅತ್ತೆಯವರು ಬಂದು ನಿಂತು, ಇದು ಏನಪ್ಪಾ ಎಂದು ಕೇಳಿದರು. ನಮ್ಮವರು ನನ್ನ ಕಡೆ ನೋಡಿದರು. ನಗೆಯನ್ನು ಮೀಸೆಯೊಳಗೇ ಇಟ್ಟುಕೊಂಡು, "ಇಕಿದ ಫೋಟೋ ಅವ್ವಾ. ಆ ದಿಬ್ಬದ ಹಿಂದ ಕುಂತಾಳ" ಎಂದರು. ಅತ್ತೆಯವರು ಮುಂದೆ ಬಗ್ಗಿ, ದಿಬ್ಬವನ್ನು ಮೇಲಿನಿಂದ ಕೆಳಗಿನ ತನಕ ಸಾವಕಾಶ ನೋಡಿದರು.

"ಹೌದು" ಎಂದರು. "ಅಲ್ಲೂ ಸೆರಗು ನೆಟ್ಟಗ ಹೊದ್ದಿಲ್ಲ."

ಅಂದಿನಿಂದ ಆ ಫೋಟೋದ ಮುಂದೆ ಹಾಯುವಾಗೆಲ್ಲ ನನ್ನ ಕೈ ತಾನಾಗಿ ತಲೆಯ ಮೇಲೆ ಹೋಗುತ್ತದೆ. ಅಂದೂ ಹೋಯಿತು. ಸೆರಗು ಸರಿಮಾಡಿಕೊಂಡೆ. ಅತ್ತೆಯವರ ಕಣ್ಣು ಇನ್ನೂ ಇಷ್ಟು ಚುರುಕಾಗಿರುವುದೂ ಒಂದು ದೇವರ ದಯೆಯೇ ಎಂದು ಎಣಿಸಿಕೊಂಡು, ಹಿತ್ತಲ ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು ಇಳಿಸಲು ಹೋದೆ.