ಹಸಿ ಊಟದ ಇಪ್ಪತ್ತೆರಡು ದಿನ

ಹೆಂಡತಿಗೆ ಉಪಕಾರ ಮಾಡಲು ಹೋಗಿ ನಾನು ಕೆಟ್ಟೆ ಎಂದರೆ ಯಾರೂ ನಂಬುವುದಿಲ್ಲ. ಸುನಂದಳಂತೂ ನಂಬುವುದೇ ಇಲ್ಲ. ಉಪಕಾರ ಆಮೇಲೆ ಹುಟ್ಟಿದ ನೆಪ, ಮೊದಲು ಬಂದದ್ದು ಹೊಟ್ಟೆ ಎನ್ನುತ್ತಾಳೆ. ಹೊಟ್ಟೆಯ ಮಟ್ಟಿಗೆ ಅವಳ ಮಾತು ನಿಜ. ಮುಳಬಾಗಿಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ನಾನು ಡಿಸೆಂಬರಿನ ಒಂದು ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದಾಗ, ಲೇಸಿಗೂ ನನಗೂ ಮಧ್ಯೆ ಆ ಹೊಟ್ಟೆ ಮೂರನೆಯವರಂತೆ ಅಡ್ಡ ಬಂತು.

ಆ ವಾರದ ಭಾನುವಾರವೇ ಕೋಲಾರದ ಕಲ್ಯಾಣಮಂಟಪವೊಂದರಲ್ಲಿ ನಡೆದ ಹಸಿ ಆಹಾರದ ಶಿಬಿರಕ್ಕೆ ಹೋದೆ. ಬೆಂಕಿ ಸೋಕಿದ ಅನ್ನ ಸತ್ತ ಅನ್ನ, ನೀವೆಲ್ಲ ದಿನಕ್ಕೆ ಮೂರು ಹೊತ್ತು ಶವಭೋಜನ ಮಾಡುತ್ತಿದ್ದೀರಿ ಎಂದು ಬಿಳಿ ಜುಬ್ಬದ ಗುರುಗಳು ಒಂದೂವರೆ ಗಂಟೆ ಉಪದೇಶಿಸಿದರು. ನನ್ನ ಮೈ ಜುಮ್ಮೆಂದಿತು. (ಅಲ್ಲಿ ಬೆಳಗಿನ ತಿಂಡಿ ಕೊಟ್ಟಿರಲಿಲ್ಲ. ಜುಮ್ಮೆಂದದ್ದು ಅದಕ್ಕೂ ಇರಬಹುದು.)

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಇಂದಿನಿಂದಲೇ ಈ ಗೃಹದಲ್ಲಿ ಅಗ್ನಿಪ್ರವೇಶ ನಿಷಿದ್ಧ. ಮೊಳಕೆಕಾಳು, ಕ್ಯಾರೆಟ್ಟು, ಸೌತೆಕಾಯಿ, ತೆಂಗಿನಕಾಯಿ, ಹಣ್ಣು, ಅಷ್ಟೇ. ನಿನಗೂ ಒಲೆಯಿಂದ ಬಿಡುಗಡೆ ಎಂದು ಉಪಕಾರವನ್ನೂ ಸೇರಿಸಿದೆ. ಮಗಳು ಪವಿತ್ರ ಕೋಲಾರದ ಹಾಸ್ಟೆಲಿನಲ್ಲಿದ್ದುದರಿಂದ ಪಾರಾದಳು. ಸುನಂದ ಜಗಳಕ್ಕೆ ಬರುತ್ತಾಳೆಂದು ನಾನು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವಳು ಸೌಟು ಕೆಳಗಿಟ್ಟು ಕೇಳಿದಳು.

"ಬೆಳಗ್ಗೆ ತಿಂಡಿಗೂ ಒಲೆ ಹಚ್ಚೋದು ಬೇಡ್ವಾ?"

"ಬೇಡ."

"ನಿಮ್ಮ ಕಾಫಿಗೆ?"

ಕಟ್ಟೆಯ ಮೇಲಿದ್ದ ಫಿಲ್ಟರನ್ನು ಕೊನೆಯ ಬಾರಿಗೆಂಬಂತೆ ನೋಡಿದೆ. "ಕಾಫಿಗೂ ಬೇಡ."

"ಸರೇ," ಎಂದಳು.

ಅವಳ ತವರು ನಂಗಲಿ, ಆಂಧ್ರದ ಗಡಿ. ನಮ್ಮ ಮನೆಯಲ್ಲಿ ಸಂಸಾರ ಕನ್ನಡದಲ್ಲಿ ನಡೆಯುತ್ತದೆ, ತೀರ್ಪು ಮಾತ್ರ ತೆಲುಗಿನಲ್ಲಿ ಬರುತ್ತದೆ. 'ಸರೇ' ಎಂದ ಮೇಲೆ ಮೇಲ್ಮನವಿ ಇಲ್ಲ.

ಮೊದಲ ವಾರ ನಾನು ಶಾಲೆಯಲ್ಲಿ ಮೆರೆದೆ. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಷ್ಟ್ರು ಶಿವಕುಮಾರ್ ಚಿತ್ರಾನ್ನದ ಡಬ್ಬಿ ತೆರೆದರೆ, ಸಾವಿನ ಮನೆಗೆ ಬಂದವನಂತೆ ಮುಖ ಮಾಡಿಕೊಂಡು ನೋಡುತ್ತಿದ್ದೆ. ಎರಡನೆಯ ವಾರ ನಾನು ಹಸಿಯನ್ನು ತಿನ್ನುತ್ತಿದ್ದೇನೋ, ಹಸಿವು ನನ್ನನ್ನು ತಿನ್ನುತ್ತಿದೆಯೋ ತಿಳಿಯದಾಯಿತು. ನಮ್ಮ ಶಾಲೆಯ ದಾರಿಯಲ್ಲಿ ಒಂದು ದೋಸೆ ಹೋಟೆಲಿದೆ, ಅದನ್ನು ತಪ್ಪಿಸಲು ಮೂರು ಬೀದಿ ಸುತ್ತಿ ಹೋಗತೊಡಗಿದೆ. ಆದರೆ ಅದು ಅವರೆಕಾಯಿ ಕಾಲ. ಆ ಮೂರು ಬೀದಿಯಲ್ಲೂ ಮನೆಮನೆಯಿಂದ ಹಿತುಕಿದ ಅವರೆಕಾಳಿನ ಸಾರಿನ ಘಮ. ಒಂಬತ್ತನೇ ತರಗತಿಗೆ ಕುದಿಯುವ ಬಿಂದುವಿನ ಪಾಠ ಮಾಡುತ್ತಾ, ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ, ಆಗ ರಾಗಿ ಹಿಟ್ಟು ಹಾಕಬೇಕು ಎಂದುಬಿಟ್ಟೆ. ಮಕ್ಕಳು ಬರೆದುಕೊಂಡರು.

ಬಿಟ್ಟುಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಬಿಡಲಿ? ಸುನಂದ ಬಿಡುತ್ತಿರಲಿಲ್ಲ. ನಾನು ಕ್ಯಾರೆಟ್ ಕಡಿಯುತ್ತಾ ದವಡೆ ನೋಯಿಸಿಕೊಳ್ಳುತ್ತಿದ್ದರೆ ಅವಳು ಎರಡು ಹೋಳು ಸೌತೆಕಾಯಿ ತಿಂದು, ಸಾಕು ಎಂದು ಎದ್ದುಬಿಡುತ್ತಿದ್ದಳು. ಮುಖದಲ್ಲಿ ಋಷಿಪತ್ನಿಯ ಕಳೆ. ಒಲೆಯಿಂದ ಬಿಡುಗಡೆಯಾದ ಸಂಜೆಗಳಲ್ಲಿ ಸ್ಕೂಟರ್ ಕಲಿಯಲು ಬೇರೆ ಶುರು ಮಾಡಿದ್ದಳು. ಪಕ್ಕದ ಮನೆಯ ಮೆಹರ್ ಬಾನು ಅವರ ಮಗಳು ಸಾದಿಯಾ ಅವಳ ಗುರು, ನಮ್ಮ ಶಾಲೆಯ ಮೈದಾನ ಗುರುಕುಲ. ನಲವತ್ತಾರರ ಹೆಂಗಸು ಸೌತೆಕಾಯಿಯ ಬಲದಲ್ಲಿ ಸ್ಕೂಟರ್ ಓಡಿಸುವಾಗ, ಸೋತೆ ಎಂದು ಗಂಡಸು ಯಾವ ಬಾಯಲ್ಲಿ ಹೇಳುವುದು?

ಇಪ್ಪತ್ತೆರಡನೆಯ ದಿನ, ಭಾನುವಾರ ಮಧ್ಯಾಹ್ನ, ಉಪಾಯದಿಂದ ಮಾತು ತೆಗೆದೆ. ನನಗೇನೂ ತೊಂದರೆಯಿಲ್ಲ, ಆದರೆ ನಿನ್ನ ಆರೋಗ್ಯದ ಚಿಂತೆ, ಬಹಳ ಸೊರಗಿದ್ದೀಯ ಎಂದೆ.

"ಸೊರಗಿದೀನಾ? ಮೊನ್ನೆ ತಾನೆ ರವಿಕೆ ಹೊಲಿಗೆ ಬಿಚ್ಚಿಸ್ಕೊಂಡು ಬಂದೆ," ಎಂದಳು.

ವಿಜ್ಞಾನದ ಮೇಷ್ಟರಿಗೆ ಅಲ್ಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಸಿದವನಿಗೆ ಉಪಾಯ ಬಹಳ ಹೊತ್ತು ನಿಲ್ಲುವುದಿಲ್ಲ, ನೇರವಾಗಿ ಬಾಯಿಬಿಟ್ಟೆ. "ಸುನಂದಾ, ನನಗೆ ಹಸಿವು ಕಣೇ. ಮುದ್ದೆ ಬೇಕು."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಆಟದ ಪಿರಿಯಡ್ ಮುಗಿದ ಗಂಟೆ ಕೇಳಿದ ಮಕ್ಕಳ ಮುಖ ಹೇಗಾಗುತ್ತದೆ, ಹಾಗಾಯಿತು ಅವಳ ಮುಖ. ಹೇಳಿದಳು, "ಇನ್ನೆರಡು ವಾರಕ್ಕೆ ಲೈಸೆನ್ಸ್ ಟೆಸ್ಟು. ನನಗಿನ್ನೂ ಎಂಟು ಹಾಕೋದು ಬಂದಿಲ್ಲ. ಒಲೆ ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ." ಸೆರಗು ಸಿಕ್ಕಿಸಿಕೊಂಡು ಹೊರಟೇ ಹೋದಳು.

ನಾನು ಒಲೆ ಹಚ್ಚಿದೆ. ಮೊಬೈಲಿನಲ್ಲಿ ಯಾರೋ ಅಜ್ಜಿ ಮುದ್ದೆ ತಿರುವುವುದನ್ನು ನೋಡಿದೆ. ಅಜ್ಜಿಯ ಕೈಯಲ್ಲಿ ಕೋಲು ಹೂವಿನಂತೆ ತಿರುಗುತ್ತಿತ್ತು, ನನ್ನ ಕೈಯಲ್ಲಿ ಪಾತ್ರೆಯೇ ತಿರುಗಿತು. ಅವರೆಕಾಳಿನ ಸಿಪ್ಪೆ ಹಿತುಕುವಷ್ಟರಲ್ಲಿ ಬೆರಳು ನೆನೆದು ಸುಕ್ಕಾದವು, ಆವಿಗೆ ಹೆಬ್ಬೆರಳು ಸುಟ್ಟಿತು, ಭುಜ ಬಿದ್ದುಹೋಯಿತು. ಮೂರು ತಾಸಿನ ಸಮರದ ನಂತರ ಸಾರು ಎಂದು ಕರೆಯಬಹುದಾದದ್ದು ಒಂದು ಪಾತ್ರೆ, ಮುದ್ದೆ ಎಂದು ಕರೆಯಬಹುದಾದದ್ದು ನಾಲ್ಕು ಸಿದ್ಧವಾದವು. ಮುದ್ದೆಯೊಳಗೆ ಗಂಟುಗಳಿದ್ದವೋ, ಗಂಟುಗಳಿಗೆ ಮುದ್ದೆ ಅಂಟಿತ್ತೋ ಹೇಳಲಾರೆ. ಅಷ್ಟರಲ್ಲಿ ಸುನಂದ ಬಂದಳು. ಕೂರಿಸಿ ಬಡಿಸಿದೆ.

ಅವಳು ಮೊದಲ ತುತ್ತು ನುಂಗಿ ತಟ್ಟೆಯನ್ನೇ ನೋಡುತ್ತಾ ಕೂತಳು. ಚೆನ್ನಾಗಿಲ್ಲವಾ ಎಂದೆ.

"ಚೆನ್ನಾಗಿದೆ. ನಂದು ಬಾನು ಮನೇಲಿ ಊಟ ಆಗಿದೆ ರೀ, ಇವತ್ತೂ."

"ಇವತ್ತೂ ಅಂದರೆ?"

"ದಿನಾ."

ಇಪ್ಪತ್ತೆರಡು ದಿನಗಳ ಸೌತೆಕಾಯಿ ನನ್ನ ಕಣ್ಣ ಮುಂದೆ ಸಾಲಾಗಿ ಹಾದುಹೋಯಿತು. "ಕೋಳಿ ಸಾರೂನಾ?" ಎಂದೆ. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಆ ಪ್ರಶ್ನೆ.

"ಶುಕ್ರವಾರ ಮಾತ್ರ."

ಯಾಕೆ ಹೇಳಲಿಲ್ಲ ಎಂದು ಗುಡುಗಿದೆ. ಅವಳು ಮೆಲ್ಲಗೆ ಹೇಳಿದಳು, "ಹೇಳಿದ್ರೆ ನೀವೂ ಬಿಟ್ಬಿಡ್ತಿದ್ರಿ. ಆಮೇಲೆ ಒಲೆ ಮುಂದೆ ಯಾರು ನಿಂತ್ಕೋಬೇಕಿತ್ತು?"

ನೋಡಿದರೆ ಅವಳು ತಿನ್ನುತ್ತಲೇ ಇದ್ದಳು. ಹೊಟ್ಟೆ ತುಂಬಿದ್ದರೆ ಬಲವಂತಕ್ಕೆ ತಿನ್ನಬೇಡ ಎಂದೆ.

"ಬಲವಂತ ಅಲ್ಲ ರೀ. ಮದುವೆ ಆಗಿ ಇಪ್ಪತ್ನಾಲ್ಕು ವರ್ಷಕ್ಕೆ, ಈ ಮನೇಲಿ ಬಿಸಿ ಮುದ್ದೆ ನನ್ನ ತಟ್ಟೆಗೆ ಬಿದ್ದಿದ್ದು ಇವತ್ತೇ. ಎಲ್ರಿಗೂ ಬಡಿಸಿ ನಾನು ಕೂತ್ಕೊಳ್ಳೋ ಹೊತ್ತಿಗೆ ಆರಿರುತ್ತೆ."

ನಾನು ಅವಳ ಮುದ್ದೆಗೆ ಇನ್ನೊಂದು ಸೌಟು ಬಿಸಿ ಸಾರು ಹಾಕಿದೆ. (ಅವಳ ಹೊಟ್ಟೆ ತುಂಬಿದೆ ಎಂಬುದು ಹಾಕಿದ ಮೇಲೆ ನೆನಪಾಯಿತು.) ಆ ಭಾವಾವೇಶದಲ್ಲಿ, ಇನ್ನು ಮೇಲೆ ಸಂಜೆಯ ಅಡುಗೆ ನನ್ನದು ಎಂದುಬಿಟ್ಟೆ. ಅಯ್ಯೋ ಬೇಡಿ ಎನ್ನುತ್ತಾಳೆಂದು ಒಂದು ಗಳಿಗೆ ಕಾದೆ. ಅವಳು ಕೈ ತೊಳೆದು ಕಾಂಪೌಂಡಿನ ಬಳಿ ಹೋಗಿ ಕೂಗಿದಳು. "ಬಾನು, ನಾಳೆಯಿಂದ ಸಾಯಂಕಾಲದ ಅಡುಗೆ ಇವರದು. ನಾಳೆ ನೀವೆಲ್ಲ ಇಲ್ಲೇ ಊಟಕ್ಕೆ ಬನ್ನಿ. ನಿಮ್ಮತ್ತೇನೂ ಕರ್ಕೊಂಡು ಬಾ."

ಗೋಡೆಯಾಚೆಯಿಂದ ಅನುಮಾನದ ದನಿ ಬಂತು. "ಮಾಷ್ಟರ್ ಸಾಬ್ ಹಸೀದೇ ಬಡಿಸ್ತಾರಾ, ಬೇಯಿಸ್ತಾರಾ, ಕೇಳಕ್ಕಾ."

ಬಾನು, ಲಾರಿ ಟೈರಿನ ಅಂಗಡಿ ಇಟ್ಟಿರುವ ಅವರ ಗಂಡ ಮೆಹಬೂಬ್ ಪಾಷಾ, ಮಗ ಜುಬೇರ್, ಸಾದಿಯಾ, ಅಜ್ಜಿ, ಹೀಗೆ ಐದು ಜನ. ಮಾರನೆಯ ಸಂಜೆ ನಾನು ಒಂಬತ್ತು ಮುದ್ದೆ ಕಟ್ಟಿದೆ. ಗಂಟಿಲ್ಲದೆ ಬಂದದ್ದು ಎರಡು. ಒಂದನ್ನು ಅಜ್ಜಿಗೂ ಇನ್ನೊಂದನ್ನು ಸುನಂದಳಿಗೂ ಬಿಸಿಬಿಸಿಯಾಗಿ ಹಾಕಿ, ಎಲ್ಲರಿಗೂ ಸಾರು ಬಡಿಸಿ, ಕೇಳಿದವರಿಗೆ ಇನ್ನೊಂದು ಸುತ್ತು ಬಡಿಸಿ ಕೊನೆಗೆ ನಾನು ಕೂತಾಗ, ನನ್ನ ಮುದ್ದೆ ಆರಿತ್ತು.